ಓಟಗಾರನಿಗೆ ಎಷ್ಟು ಅಂಕ?

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಪಾದಕ್ಕೂ ಚೆಂಡಿಗೂ ಸಂಬಂಧ ಬಹಳ ಕಡಿಮೆ. ಚೆಂಡು ಹೆಚ್ಚಿನ ಸಮಯ ಕೈಯಲ್ಲೋ ಕಂಕುಳಲ್ಲೋ ಇರುತ್ತದೆ. ಇದನ್ನು ಕುರಿತು ಬರೆಯಲು ನನಗೇನು ಅಧಿಕಾರ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಬಹುದು. ಆಟದ ಮೇಲೆ ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತದ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿ ಸುರಿಸಿದವನಿಗೆ ಮೌಲ್ಯಮಾಪನ ಎಂಬ ಕೆಲಸದ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ಇದೆಯೆಂದು ಭಾವಿಸಿದ್ದೇನೆ. ಅಂಥ ಮೌಲ್ಯಮಾಪನವನ್ನು ಆ ದೇಶದವರು ಈ ಆಟದಲ್ಲಿ ಎಷ್ಟು ಗಂಭೀರವಾಗಿ, ಎಷ್ಟು ಹಣ ಸುರಿದು ಮಾಡುತ್ತಾರೆಂದರೆ, ನಮ್ಮ ಮೌಲ್ಯಮಾಪನ ಶಿಬಿರಗಳು ಅದರ ಮುಂದೆ ಮಕ್ಕಳಾಟವೆನಿಸುತ್ತವೆ.

ವಿಷಯ ಇಷ್ಟು. ಅಲ್ಲಿ ವೃತ್ತಿಪರ ತಂಡಗಳು 32. ಪ್ರತಿವರ್ಷ ಏಪ್ರಿಲ್ ತಿಂಗಳಲ್ಲಿ ಕಾಲೇಜು ಮುಗಿಸಿದ ಆಟಗಾರರನ್ನು ಈ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಅತ್ಯಂತ ಹೀನಾಯವಾಗಿ ಸೋತ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕಡೆಯದು. ಏಳು ಸುತ್ತುಗಳು. 2020ರಲ್ಲಿ ಹೀಗೆ ಆಯ್ಕೆಯಾದವರು 255 ಮಂದಿ. ಮೊದಲ ಸುತ್ತಿನಲ್ಲಿ ಹೆಸರು ಬಂದರೆ ಕೋಟಿಗಳ ಲೆಕ್ಕ. ಸುತ್ತು ಇಳಿದಂತೆ ಸಂಬಳವೂ ಇಳಿಯುತ್ತದೆ. ಯಾವ ಕ್ರಮಸಂಖ್ಯೆಗೆ ಹೆಚ್ಚುಕಡಿಮೆ ಎಷ್ಟು ಎಂಬುದು ಮೊದಲೇ ನಿಗದಿಯಾಗಿರುತ್ತದೆ.

2019ರ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಯುಗಾದಿಯ ಹೊತ್ತಿಗೆ ಹಿಂದಿರುಗುವ ಯೋಜನೆ. ಮಾರ್ಚಿಯಲ್ಲಿ ಕೊರೋನಾ ಬಂದು ಭಾರತಕ್ಕೆ ವಿಮಾನಗಳೇ ನಿಂತವು. ಹೊರಗೆ ಹಿಮ, ಒಳಗೆ ಐದು ಜನ, ಶಾಲೆಯಿಲ್ಲದೆ ಮನೆಯಲ್ಲೇ ಕುಳಿತ ಏಳನೆಯ ತರಗತಿಯ ಮೊಮ್ಮಗ. ಆಟವೇ ನಡೆಯದ ಆ ದಿನಗಳಲ್ಲಿ ಅವನು ಹಳೆಯ ಪಂದ್ಯಗಳನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಿದ್ದ. ಊರಿನ ವಿಶ್ವವಿದ್ಯಾಲಯದ ಓಟಗಾರ ಜೊನಾಥನ್ ಟೇಲರ್ ಅವನ ಆರಾಧ್ಯದೈವ. ಆ ಏಪ್ರಿಲ್‌ನಲ್ಲಿ ಟೇಲರ್ ಡ್ರಾಫ್ಟಿಗೆ ನಿಂತಿದ್ದ. "ತಾತ, ನೀವು ಟೀಚರ್ ಅಲ್ವಾ, ಅವನಿಗೆ ಮಾರ್ಕ್ಸ್ ಹಾಕಿ" ಎಂದ ಮೊಮ್ಮಗ. ಕೆಲಸವಿಲ್ಲದ ನಿವೃತ್ತನಿಗೆ ಇದಕ್ಕಿಂತ ಬೇರೆ ಏನು ಬೇಕು!

ರನ್ನಿಂಗ್ ಬ್ಯಾಕ್ ಎಂದರೆ ಚೆಂಡನ್ನು ಕಂಕುಳಲ್ಲಿ ಅಪ್ಪಿಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗುವವನು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಹೋದವನನ್ನು ನೆನಪಿಸಿಕೊಳ್ಳಿ. ಆದರೆ ಇಲ್ಲಿ ಎದುರಿಗೆ ಹನ್ನೊಂದು ಜನ, ಅವರಲ್ಲಿ ನೂರು ಕಿಲೋಗಿಂತ ಹೆಚ್ಚು ತೂಗುವವರು ಎಷ್ಟೋ ಮಂದಿ. ಓಡುವವನಿಗೆ ದಾರಿ ಮಾಡಿಕೊಡಲು ಮುಂದೆ ಐವರು ದೈತ್ಯರು ನಿಲ್ಲುತ್ತಾರೆ. ಅವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಮೌಲ್ಯಮಾಪನದ ಮೊದಲ ಕಗ್ಗಂಟು ಇಲ್ಲಿಯೇ ಇದೆ. ಟೇಲರ್ 2017ರಲ್ಲಿ 1,977 ಗಜ ಓಡಿದ. ಅಧಿಕೃತ ದಾಖಲೆಯ ಪ್ರಕಾರ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಅಷ್ಟು ಓಡಿದ್ದು ಅದೇ ಮೊದಲು. ಮರುವರ್ಷ 2,194, ಅದರ ಮರುವರ್ಷ 2,003. ಮೂರು ವರ್ಷಗಳ ಮೊತ್ತ 6,174 ಗಜ. ಸರಾಸರಿ ತೆಗೆದರೆ ಪ್ರತಿ ಓಟಕ್ಕೆ ಹತ್ತಿರಹತ್ತಿರ 6.7 ಗಜ. ದೇಶದ ಶ್ರೇಷ್ಠ ಓಟಗಾರನಿಗೆ ಕೊಡುವ ಡೋಕ್ ವಾಕರ್ ಪ್ರಶಸ್ತಿ ಎರಡು ಸಲ ಬಂತು. ಅಂಕಪಟ್ಟಿ ನೋಡಿದರೆ ರ‍್ಯಾಂಕ್ ವಿದ್ಯಾರ್ಥಿ. ಆದರೆ ಈ ಗಜಗಳಲ್ಲಿ ಅವನವು ಎಷ್ಟು, ಮುಂದೆ ನಿಂತು ದಾರಿ ಬಿಡಿಸಿದ ಐವರವು ಎಷ್ಟು? ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ಅಂಥ ದೈತ್ಯರನ್ನು ಬೆಳೆಸುವುದಕ್ಕೇ ಹೆಸರಾದದ್ದು. ಕೆಲವು ಶಾಲೆಗಳಲ್ಲಿ ಆಂತರಿಕ ಅಂಕಗಳನ್ನು ಧಾರಾಳವಾಗಿ ಹಾಕುತ್ತಾರೆಂಬ ಗುಮಾನಿ ನಮ್ಮಲ್ಲಿ ಇಲ್ಲವೇ? ಆ ಶಾಲೆಯ ಮಗು ನಿಜವಾಗಿ ಜಾಣನಾದರೂ ನೋಡುವವರ ಹುಬ್ಬು ಒಮ್ಮೆ ಮೇಲೇರುತ್ತದೆ. ವಿಸ್ಕಾನ್ಸಿನ್ ಓಟಗಾರರ ಪಾಡು ಅದೇ.

ಅದಕ್ಕೆ ಕಾರಣವೂ ಇತ್ತು. ಇದೇ ಊರಿನಲ್ಲಿ ಓಡಿದ ರಾನ್ ಡೇನ್ 1999ರಲ್ಲಿ ಹೈಸ್‌ಮನ್ ಎಂಬ ಅತ್ಯುನ್ನತ ಕಾಲೇಜು ಗೌರವ ಪಡೆದವನು. 2000ದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಅವನನ್ನು ಹನ್ನೊಂದನೆಯವನಾಗಿ ಆರಿಸಿಕೊಂಡಿತು. ವೃತ್ತಿಪರ ಆಟದಲ್ಲಿ ಅವನು ಒಂದು ವರ್ಷವೂ ಸಾವಿರ ಗಜ ಮುಟ್ಟಲಿಲ್ಲ. ಮಾಂಟಿ ಬಾಲ್ 2011ರಲ್ಲಿ 39 ಟಚ್‌ಡೌನ್ ಗಳಿಸಿ ಹಳೆಯ ದಾಖಲೆಯನ್ನು ಸರಿಗಟ್ಟಿದವನು. ಅವನ ವೃತ್ತಿಜೀವನ ಅರಳುವ ಮೊದಲೇ ಮುಗಿಯಿತು. ಮೆಲ್ವಿನ್ ಗಾರ್ಡನ್ 2014ರಲ್ಲಿ 2,587 ಗಜ ಓಡಿ, ಮರುವರ್ಷ ಹದಿನೈದನೆಯವನಾಗಿ ಆಯ್ಕೆಯಾಗಿ, ವೃತ್ತಿಪರ ಆಟದ ಮೊದಲ ವರ್ಷವಿಡೀ ಒಂದೂ ಟಚ್‌ಡೌನ್ ಕಾಣಲಿಲ್ಲ, ಆಮೇಲೆ ಸುಧಾರಿಸಿಕೊಂಡ. ಅಣ್ಣಂದಿರ ಫಲಿತಾಂಶ ನೋಡಿ ತಮ್ಮನಿಗೆ ಅಂಕ ಹಾಕುವುದು ಅನ್ಯಾಯ. ಆದರೆ ಹಾಗೆ ಹಾಕುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಹಾಗಾದರೆ ಓಟಗಾರನ ಸ್ವಂತ ಪಾಲನ್ನು ಬೇರ್ಪಡಿಸುವುದು ಹೇಗೆ? ಈ ವಿದ್ಯೆಯನ್ನು ನನಗೆ ಕಲಿಸಿದವನು ಮೊಮ್ಮಗ. ಒಂದೇ ಓಟವನ್ನು ಮೂರು ಸಲ ನೋಡಬೇಕು. ಮೊದಲ ಸಲ ಚೆಂಡನ್ನು ನೋಡಲೇ ಬಾರದು. ಮುಂದಿನ ಐವರನ್ನು ಮಾತ್ರ ನೋಡಬೇಕು. ಅವರು ಎಲ್ಲಿ ಬಾಗಿಲು ತೆರೆದರು, ಎಲ್ಲಿ ತೆರೆಯಲಾರದೆ ಹೋದರು? ಎರಡನೆಯ ಸಲ ಓಟಗಾರನ ಕಾಲುಗಳನ್ನು ನೋಡಬೇಕು. ಚೆಂಡು ಸಿಕ್ಕ ಕೂಡಲೇ ಕುರುಡಾಗಿ ನುಗ್ಗಿದನೇ, ಅಥವಾ ಒಂದೆರಡು ಹೆಜ್ಜೆ ಸಾವಧಾನವಾಗಿಟ್ಟು, ಎದುರಾಳಿ ಯಾವ ಕಡೆ ವಾಲುತ್ತಾನೆಂದು ಕಂಡುಕೊಂಡು, ಇನ್ನೊಂದು ಕಡೆಗೆ ಥಟ್ಟನೆ ತಿರುಗಿದನೇ? ಇದನ್ನು ಅವರು ದೃಷ್ಟಿ ಎನ್ನುತ್ತಾರೆ, ಸರಿಯಾದ ಮಾತು. ಮೂರನೆಯ ಸಲ, ಮೊದಲ ಎದುರಾಳಿ ಮೈಮೇಲೆ ಬಿದ್ದ ಕ್ಷಣದಿಂದ ಎಣಿಸಬೇಕು. ಅಲ್ಲಿಂದ ಮುಂದಕ್ಕೆ ಎಷ್ಟು ಗಜ ಹೋದನೋ ಅದು ಬಹುಮಟ್ಟಿಗೆ ಅವನ ಸ್ವಂತ ದುಡಿಮೆ. ಅಣ್ಣತಮ್ಮಂದಿರು ಉತ್ತು ಕೊಟ್ಟ ಹೊಲದಲ್ಲಿ ಬಿತ್ತನೆ ಮಾಡುವುದು ಬೇರೆ, ಕಲ್ಲುಭೂಮಿಯನ್ನು ತಾನೇ ಹದ ಮಾಡುವುದು ಬೇರೆ.

ಹೀಗೆ ಎರಡು ವಾರ ನೋಡಿದೆವು. ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಮಾಡುವ ಹಳೆಯ ಅಭ್ಯಾಸದಂತೆ ನಾನೊಂದು ಕಾಗದದ ಮೇಲೆ ನೂರು ಅಂಕಗಳನ್ನು ಹಂಚಿದೆ. ದೃಷ್ಟಿಗೆ ಮೂವತ್ತು, ಮೈಮೇಲೆ ಬಿದ್ದವನನ್ನು ಕೊಡವಿಕೊಂಡು ಸಾಗುವ ಶಕ್ತಿಗೆ ಇಪ್ಪತ್ತು, ವೇಗಕ್ಕೆ ಹದಿನೈದು, ಎಸೆದ ಚೆಂಡನ್ನು ಹಿಡಿಯುವುದಕ್ಕೆ ಹದಿನೈದು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕನನ್ನು ಕಾಯುವುದಕ್ಕೆ ಹತ್ತು, ಚೆಂಡನ್ನು ಜಾರಿಬಿಡದಿರುವುದಕ್ಕೆ ಹತ್ತು. ವೇಗಕ್ಕೆ ಇಷ್ಟು ಕಡಿಮೆಯೇ ಎಂದು ಮೊಮ್ಮಗ ಮುನಿಸಿಕೊಂಡ. ನೇರ ಓಟದಲ್ಲಿ ಮಿಂಚಿ ಮೈದಾನದಲ್ಲಿ ಮಂಕಾದವರ ಹೆಸರುಗಳನ್ನು ಅವನೇ ನನಗೆ ಹೇಳಿದ್ದನಾದ್ದರಿಂದ ವಾದ ಬೇಗ ಮುಗಿಯಿತು.

ವೇಗದ ಪರೀಕ್ಷೆ ನಡೆಯುವುದು ಇಂಡಿಯಾನಾಪೊಲಿಸ್ ನಗರದಲ್ಲಿ. ಪ್ರತಿವರ್ಷ ಫೆಬ್ರವರಿಯ ಕೊನೆಯಲ್ಲಿ ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಅಲ್ಲಿಗೆ ಕರೆಸುತ್ತಾರೆ. 40 ಗಜ, ಎಂದರೆ ಸುಮಾರು ಮೂವತ್ತಾರೂವರೆ ಮೀಟರ್ ಓಟ; 225 ಪೌಂಡಿನ ಭಾರವನ್ನು ಮಲಗಿ ಎಷ್ಟು ಸಲ ಎತ್ತಬಲ್ಲರೆಂಬ ಲೆಕ್ಕ; ನಿಂತಲ್ಲಿಂದ ನೆಗೆತ; ಶಂಕುಗಳ ನಡುವೆ ತಿರುವಿನ ಓಟ. ಟೇಲರ್ ತೂಕ 226 ಪೌಂಡ್. ಅಷ್ಟು ತೂಕದವನು 40 ಗಜವನ್ನು 4.39 ಸೆಕೆಂಡಿನಲ್ಲಿ ಓಡಿದ. ಆ ವರ್ಷ ಅಲ್ಲಿಗೆ ಬಂದಿದ್ದ ರನ್ನಿಂಗ್ ಬ್ಯಾಕ್‌ಗಳಲ್ಲಿ ಅವನೇ ಅತಿವೇಗಿ. ಹದಿನೈದಕ್ಕೆ ಹದಿನೈದು ಕೊಟ್ಟೆ. ಹೀಗೆ ಪೂರ್ತಿ ಅಂಕ ಕೊಡುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆಂಬುದು ನಿಮಗೆಲ್ಲ ಅನುಭವವಿರುವ ಸಂಗತಿ.

ಆ ಪರೀಕ್ಷೆಯ ದೃಶ್ಯಾವಳಿ ನೋಡುವಾಗ ನನ್ನ ಪತ್ನಿ ಅಡುಗೆಮನೆಯಿಂದ ಬಂದು ಒಂದು ಕ್ಷಣ ನಿಂತು, "ಸಿದ್ಧಗಂಗೆ ದನದ ಜಾತ್ರೆ ಥರ ಇದೆಯಲ್ರೀ" ಎಂದು ಹೇಳಿ ಹೋದಳು. ಅಂಗೈ ಅಳತೆ, ತೋಳಿನ ಅಳತೆ, ಬರಿಯ ಚಡ್ಡಿಯಲ್ಲಿ ನಿಲ್ಲಿಸಿ ಎತ್ತರ, ತೂಕ. ವೈದ್ಯರು ಮಂಡಿಯನ್ನು ಅತ್ತಿತ್ತ ಎಳೆದು ನೋಡುವುದು. ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಬಾಲ್ಯದಿಂದ ನೋಡಿದವಳು ಅವಳು. ಅಲ್ಲಿ ಅಳತೆಗೆ ನಿಲ್ಲುವ ಹುಡುಗರಲ್ಲಿ ಬಹುಪಾಲು ಕಪ್ಪು ಜನಾಂಗದವರು. ಆ ದೇಶದ ಇತಿಹಾಸದಲ್ಲಿ ಅವರ ಪೂರ್ವಜರನ್ನು ಯಾವ ರೀತಿ ಅಳೆದು ಮಾರಿದರೆಂಬುದು ಎಲ್ಲರಿಗೂ ಗೊತ್ತು. ಈ ಹೋಲಿಕೆಯನ್ನು ಅಮೆರಿಕದವರೇ ಎತ್ತಿ ಆಡಿದ್ದಾರೆ. ಇಲ್ಲಿ ಹುಡುಗರು ತಾವಾಗಿ ಬರುತ್ತಾರೆ, ಬೆಲೆಯೂ ಅವರ ಕೈ ಸೇರುತ್ತದೆ ಎಂಬ ಸಮಾಧಾನ ನಿಜವೇ. ಆದರೂ ನನಗೆ ಇರಿಸುಮುರಿಸು ತಪ್ಪಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಆಗ ಅಲ್ಲಿ ಬುದ್ಧಿಮತ್ತೆಯ ಲಿಖಿತ ಪರೀಕ್ಷೆಯೂ ಇತ್ತು: ಹನ್ನೆರಡು ನಿಮಿಷದಲ್ಲಿ ಐವತ್ತು ಪ್ರಶ್ನೆಗಳು. ಹದಿನಾಲ್ಕು ಸೆಕೆಂಡಿಗೊಂದು ಪ್ರಶ್ನೆ ಬಿಡಿಸಿದರೆ ಆತುರ ಗೊತ್ತಾದೀತು, ಬುದ್ಧಿ ಗೊತ್ತಾಗುವುದಿಲ್ಲ. 2022ರಲ್ಲಿ ಅದನ್ನು ಕೈಬಿಟ್ಟರೆಂದು ತಿಳಿದು ಸಂತೋಷಪಟ್ಟೆ. ಟೇಲರ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿ. ಅವನ ಬುದ್ಧಿ ಅಳೆಯಲು ಆ ಐವತ್ತು ಪ್ರಶ್ನೆ ಬೇಕಿರಲಿಲ್ಲ.

ಇದನ್ನು ಬರೆಯುವಾಗ ನಮ್ಮ ಶಾಲೆಯ ಹುಡುಗನೊಬ್ಬ ಕಣ್ಣ ಮುಂದೆ ಬರುತ್ತಾನೆ. ಯಾರೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಾಗುತ್ತದೆ, ಹೆಸರು ಬರೆಯುವುದಿಲ್ಲ. ತಾಲ್ಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಮೂರು ಪದಕ ತಂದವನು. ಕ್ರೀಡಾ ವಸತಿನಿಲಯವೊಂದರ ಆಯ್ಕೆಗೆ ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ಮುಂಜಾನೆ ನಾಲ್ಕಕ್ಕೆ ಎದ್ದು, ಎರಡು ಬಸ್ಸು ಬದಲಿಸಿ, ಸಾಲಿನಲ್ಲಿ ನಿಂತೆವು. ಮೊದಲು ಎತ್ತರ ಅಳೆದರು. ನಮೂನೆಯಲ್ಲಿ ಬರೆದಿದ್ದ ಅಳತೆಗೆ ಒಂದು ಅಂಗುಲ ಕಡಿಮೆ. ಪಕ್ಕಕ್ಕೆ ನಿಲ್ಲಲು ಹೇಳಿದರು, ಅಷ್ಟೇ. ಓಟದ ಪರೀಕ್ಷೆ ಮಧ್ಯಾಹ್ನಕ್ಕಿತ್ತು, ಅದರಲ್ಲಿ ಅವನಿಗೆ ಪ್ರವೇಶವಿರಲಿಲ್ಲ. ನಾನು ಮೇಜಿನ ಹತ್ತಿರ ಹೋಗಿ ಒಂದು ಸಲ ಓಡಿಸಿ ನೋಡಿ ಸ್ವಾಮಿ ಎಂದು ಕೇಳಿಕೊಂಡೆ. ನಿಯಮ ತೋರಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಕೊಡಿಸಿದಾಗ ಅವನು ತಿನ್ನದೆ ಕೇಳಿದ: "ಸಾರ್, ನಾನು ಓಡೋದನ್ನ ಅವರು ನೋಡಲೇ ಇಲ್ಲವಲ್ಲ?" ಈಗ ಅವನು ಊರಿನ ಹಾಲಿನ ಡೇರಿಯ ಕಾರ್ಯದರ್ಶಿ, ನೆಮ್ಮದಿಯಾಗಿದ್ದಾನೆ. ನಾನು ದೃಷ್ಟಿಗೆ ಮೂವತ್ತು ಅಂಕವಿಟ್ಟು ಅಳತೆಗೆ ಒಂದೂ ಅಂಕ ಇಡದಿರಲು ಕಾರಣವೇನೆಂದು ಮೊಮ್ಮಗ ಕೇಳಿದಾಗ ಈ ಕಥೆಯನ್ನೇ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

ಟೇಲರ್ ವಿಷಯಕ್ಕೆ ಮರಳೋಣ. ಅವನ ದೊಡ್ಡ ದೋಷ ಚೆಂಡನ್ನು ಕೈಜಾರಿಸುವುದು. ಮೂರು ವರ್ಷಗಳಲ್ಲಿ ಹದಿನೆಂಟು ಸಲ. ಚೆಂಡನ್ನು ಬೆರಳ ತುದಿ, ಅಂಗೈ, ಮುಂಗೈ, ತೋಳು, ಎದೆ, ಹೀಗೆ ಐದು ಕಡೆ ಒತ್ತಿ ಹಿಡಿಯಬೇಕೆಂದು ಶಾಲಾಮಟ್ಟದಲ್ಲೇ ಕಲಿಸುತ್ತಾರಂತೆ. ಇನ್ನೊಂದೆರಡು ಗಜದ ಆಸೆಗೆ ಬಿದ್ದು ಒದ್ದಾಡುವಾಗ ಅವನ ಮೊಣಕೈ ಎದೆಯಿಂದ ದೂರ ಸರಿಯುತ್ತಿತ್ತು. ಹತ್ತಕ್ಕೆ ನಾಲ್ಕು ಕೊಟ್ಟೆ. ಚೆಂಡು ಹಿಡಿಯುವುದರಲ್ಲಿ ಮೊದಲೆರಡು ವರ್ಷ ತಲಾ ಎಂಟು, ಮೂರನೆಯ ವರ್ಷ 26, ಪ್ರಗತಿಯಿತ್ತು, ಅನುಭವ ಸಾಲದು, ಒಂಬತ್ತು. ಕ್ವಾರ್ಟರ್‌ಬ್ಯಾಕನನ್ನು ಕಾಯುವುದಂತೂ ಯಾವ ಪಟ್ಟಿಯಲ್ಲೂ ಸಿಗದ ಗುಣ. ಎದುರಾಳಿಗಳಲ್ಲಿ ಯಾರು ಅನಿರೀಕ್ಷಿತವಾಗಿ ನುಗ್ಗಿಬರುತ್ತಾರೆಂದು ಮೊದಲೇ ಗುರುತಿಸಿ, ತನಗಿಂತ ಭಾರದವನಿಗೆ ಅಡ್ಡನಿಂತು ಎದೆಕೊಡಬೇಕು; ಮಾಡಿದರೆ ಯಾರೂ ಹೊಗಳುವುದಿಲ್ಲ, ಮಾಡದಿದ್ದರೆ ತಂಡದ ನಾಯಕನ ಮೂಳೆ ಮುರಿಯುತ್ತದೆ. ಅದಕ್ಕೆ ಆರು. ದೃಷ್ಟಿಗೆ ಇಪ್ಪತ್ತನಾಲ್ಕು, ಕೊಡವಿಕೊಂಡು ಸಾಗುವುದಕ್ಕೆ ಹದಿನೆಂಟು. ಒಟ್ಟು 76.

"ಬರೀ ಡಿಸ್ಟಿಂಕ್ಷನ್ನಾ?" ಎಂದು ನನ್ನ ಮಗ ನಕ್ಕ. ಮೊಮ್ಮಗ ಮಾತ್ರ ನಗಲಿಲ್ಲ. "ತಾತ, ಅಟೆಂಡೆನ್ಸಿಗೆ ಮಾರ್ಕ್ಸ್ ಇಲ್ವಾ? ನಲವತ್ತೊಂದು ಗೇಮ್ ಆಡಿದ್ದಾನೆ."

ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿತು. ಮೂರು ವರ್ಷಗಳಲ್ಲಿ 41 ಪಂದ್ಯ, 926 ಸಲ ಚೆಂಡು ಹೊತ್ತು ಗೋಡೆಗೆ ನುಗ್ಗಿದ್ದಾನೆ. ನಮ್ಮ ಶಾಲೆಯಲ್ಲಾದರೆ ಹಾಜರಾತಿಗೆ ಬಹುಮಾನ. ಆದರೆ ಟೇಲರ್ ಬಗ್ಗೆ ತಜ್ಞರು ಬರೆದ ವರದಿಗಳಲ್ಲಿ ಅದೇ 926 ದೋಷದ ಕಾಲಮಿನಲ್ಲಿತ್ತು. ದೇಹ ಸವೆದಿರುತ್ತದೆ, ಈ ಎತ್ತು ಈಗಾಗಲೇ ಬಹಳ ನೇಗಿಲು ಎಳೆದಿದೆ ಎಂಬ ತರ್ಕ. ಮೂರು ವರ್ಷ ಆ ಹುಡುಗನನ್ನು ದುಡಿಸಿಕೊಂಡದ್ದು ವಿಶ್ವವಿದ್ಯಾಲಯ. ಆಗಿನ ನಿಯಮದಂತೆ ಕಾಲೇಜು ಆಟಗಾರನಿಗೆ ವಿದ್ಯಾರ್ಥಿವೇತನದ ಹೊರತು ಸಂಬಳವೂ ಇರಲಿಲ್ಲ. ಸಂಬಳ ಸಿಗುವ ಹೊತ್ತಿಗೆ ಆ ದುಡಿಮೆಯೇ ಬೆಲೆ ತಗ್ಗಿಸಿತು. ಈ ಸ್ಥಾನದ ಆಟಗಾರರು ಮೂವತ್ತರ ಒಳಗೇ ಮುಗಿದುಹೋಗುವುದು ಸಾಮಾನ್ಯ. ಆದ್ದರಿಂದ ತಂಡಗಳ ಲೆಕ್ಕಾಚಾರವನ್ನು ಮೂರ್ಖತನವೆನ್ನಲಾರೆ. ಆದರೆ ಒಂದೇ ಅಂಕಿ ದುಡಿದವನ ಗುಣವೂ ಅವನ ಕೊರತೆಯೂ ಆಗುವುದನ್ನು ನಾನು ಯಾವ ಉತ್ತರಪತ್ರಿಕೆಯಲ್ಲೂ ಕಂಡಿರಲಿಲ್ಲ. ಹಾಜರಾತಿಗೆ ಅಂಕ ಕೂಡಿಸಲೂ ಇಲ್ಲ, ಕಳೆಯಲೂ ಇಲ್ಲ.

ಆ ವರ್ಷದ ಡ್ರಾಫ್ಟ್ ಲಾಸ್ ವೇಗಸ್ ನಗರದಲ್ಲಿ ನಡೆಯಬೇಕಾಗಿತ್ತು. ಕೊರೋನಾ ಕಾರಣ, ಲೀಗಿನ ಮುಖ್ಯಸ್ಥರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಹೆಸರುಗಳನ್ನು ಓದಿದರು. ಏಪ್ರಿಲ್ 23ರ ರಾತ್ರಿ ಮೊದಲ ಸುತ್ತು. ನಮ್ಮ ರಾಜ್ಯದ ತಂಡವಾದ ಗ್ರೀನ್ ಬೇ ಪ್ಯಾಕರ್ಸ್ ತನ್ನ ಸರದಿಯಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕನನ್ನು ಆರಿಸಿ ಊರಿಗೆ ಊರನ್ನೇ ದಂಗುಬಡಿಸಿತು. (ನಮ್ಮ ರಾಜ್ಯ ಎಂದು ಬರೆದುಬಿಟ್ಟೆ ನೋಡಿ. ಆರು ತಿಂಗಳು ಅನ್ನ ತಿಂದ ಋಣ.) ಮೂವತ್ತೊಂದು ಹೆಸರು ಬಂದರೂ ಒಬ್ಬ ರನ್ನಿಂಗ್ ಬ್ಯಾಕನೂ ಇಲ್ಲ. ಕಡೆಯ, ಮೂವತ್ತೆರಡನೆಯ ಸರದಿ ಕನ್ಸಾಸ್ ಸಿಟಿ ತಂಡದ್ದು; ಅವರು ಲೂಯಿಸಿಯಾನದ ಕ್ಲೈಡ್ ಎಡ್ವರ್ಡ್ಸ್-ಹಿಲೇರ್ ಎಂಬ ಗಿಡ್ಡ, ಚುರುಕು ಹುಡುಗನನ್ನು ಕರೆದರು. ಚೆಂಡು ಹಿಡಿಯುವುದರಲ್ಲಿ ಅವನು ನಿಪುಣ. ಮೊಮ್ಮಗ ಊಟ ಬಿಟ್ಟು ಮಲಗಿದ. ಮರುರಾತ್ರಿ 35ನೆಯವನಾಗಿ ಡಿ'ಆಂಡ್ರೆ ಸ್ವಿಫ್ಟ್. ಆಮೇಲೆ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಮೂರು ಸ್ಥಾನ ಮೇಲೇರಲು ತನ್ನ ಇನ್ನೊಂದು ಸರದಿಯನ್ನೂ ಬಿಟ್ಟುಕೊಟ್ಟು, 41ನೆಯವನಾಗಿ ಟೇಲರ್ ಹೆಸರು ಹೇಳಿತು. 40 ಗಜ ಓಡಿ ತೋರಿಸಿದ ಮೈದಾನವೇ ಅವನ ತವರು ಮೈದಾನವಾಯಿತು.

ಮೂವತ್ತೆರಡಕ್ಕೂ ನಲವತ್ತೊಂದಕ್ಕೂ ಏನು ಮಹಾ ಅಂತರ ಎನ್ನಬೇಡಿ. ಮೊದಲ ಸುತ್ತಿನವರಿಗೆ ನಾಲ್ಕು ವರ್ಷದ ಕರಾರಿನ ಮೇಲೆ ಐದನೆಯ ವರ್ಷವನ್ನೂ ಸೇರಿಸಿಕೊಳ್ಳುವ ಹಕ್ಕು ತಂಡಕ್ಕಿರುತ್ತದೆ, ಆ ವರ್ಷದ ಸಂಬಳ ದೊಡ್ಡದು. ಎರಡನೆಯ ಸುತ್ತಿನವನಿಗೆ ನಾಲ್ಕೇ ವರ್ಷ, ಸಂಬಳವೂ ಕಡಿಮೆ.

ಮುಂದಿನದು ದಾಖಲೆಯಲ್ಲಿದೆ. ಮೊದಲ ವರ್ಷ 1,169 ಗಜ. ಆ ಹಂಗಾಮಿನ ಕಡೆಯ ಪಂದ್ಯವೊಂದರಲ್ಲೇ 253. 2021ರಲ್ಲಿ 1,811 ಗಜ ಓಡಿ ಇಡೀ ಲೀಗಿಗೆ ಮೊದಲಿಗನಾದ. ಎರಡನೆಯವನು ಐನೂರಕ್ಕೂ ಹೆಚ್ಚು ಗಜ ಹಿಂದಿದ್ದ. ಎಡ್ವರ್ಡ್ಸ್-ಹಿಲೇರ್ ಒಂದು ವರ್ಷವೂ ಸಾವಿರ ಗಜ ಕಾಣಲಿಲ್ಲ. ಹಾಗೆಂದು ಕನ್ಸಾಸ್ ಸಿಟಿಯವರನ್ನು ಗೇಲಿ ಮಾಡಲಾರೆ. ಅವರ ಆಟದ ಶೈಲಿಗೆ ಚೆಂಡು ಹಿಡಿಯುವವನು ಬೇಕಾಗಿತ್ತು. ಈ ವಿದ್ಯೆಯಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ. 1995ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಕಿ-ಜಾನಾ ಕಾರ್ಟರ್ ಎಂಬ ಓಟಗಾರನ ಮಂಡಿ, ಹಂಗಾಮು ಶುರುವಾಗುವ ಮೊದಲು ಆಡಿದ ಅಭ್ಯಾಸ ಪಂದ್ಯದಲ್ಲೇ ಹೋಯಿತು. ಅದೇ ವರ್ಷ ಆರನೆಯ ಸುತ್ತಿನಲ್ಲಿ, 196ನೆಯವನಾಗಿ ಬಂದ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿ, ಕಡೆಗೆ ಆ ಆಟದ ಅಮರರ ಸಾಲಿಗೆ ಸೇರಿದ.

ಟೇಲರ್‌ಗೆ 2022ರಲ್ಲಿ ಕಾಲಗಂಟು ನೋವು. 2023ರಲ್ಲಿ ಕರಾರಿನ ಕೊನೆಯ ವರ್ಷ. ಹೊಸ ಕರಾರು ಕೇಳಿದ, ತಂಡ ಒಪ್ಪಲಿಲ್ಲ. ಬೇರೆ ತಂಡಕ್ಕೆ ಕಳಿಸಿ ಎಂದ, ಅದೂ ಆಗಲಿಲ್ಲ. ಕೆಲವು ಪಂದ್ಯ ಹೊರಗುಳಿದ ಮೇಲೆ ಅಕ್ಟೋಬರ್‌ನಲ್ಲಿ ಮೂರು ವರ್ಷಕ್ಕೆ 4 ಕೋಟಿ 20 ಲಕ್ಷ ಡಾಲರಿನ ಒಪ್ಪಂದವಾಯಿತು. ಆಗಲೂ 926ರ ಲೆಕ್ಕ ತೆಗೆದವರಿದ್ದರು.

ಮೊಮ್ಮಗ ಈಗ ಬೇರೆ ರಾಜ್ಯದಲ್ಲಿ ಕಾಲೇಜು ಓದುತ್ತಿದ್ದಾನೆ. 2025ರ ನವೆಂಬರ್ 9ರಂದು ಕೋಲ್ಟ್ಸ್ ತಂಡ ಜರ್ಮನಿಯ ಬರ್ಲಿನ್ನಿನಲ್ಲಿ ಆಡಿತು. ಟೇಲರ್ 244 ಗಜ ಓಡಿ ಮೂರು ಟಚ್‌ಡೌನ್ ಗಳಿಸಿದ. ಅಷ್ಟರಲ್ಲಿ ನನಗೆ ಇಲ್ಲಿ ರಾತ್ರಿಯಾಗಿತ್ತು. ಫೋನು ಬಂತು. "ತಾತ, ಆ ಎಪ್ಪತ್ತಾರನ್ನ ಈಗಲಾದ್ರೂ ಜಾಸ್ತಿ ಮಾಡಿ." ಸಹಿ ಮಾಡಿದ ಅಂಕಪಟ್ಟಿ ತಿದ್ದುವ ಪದ್ಧತಿ ಇಲ್ಲ, ಅದು 2020ರ ಏಪ್ರಿಲ್‌ನಲ್ಲಿ ಬರೆದ ಪತ್ರಿಕೆಗೆ ಕೊಟ್ಟ ಅಂಕ, ಬೇಕಿದ್ದರೆ ಶುಲ್ಕ ಕಟ್ಟಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕು ಎಂದೆ. ಶುಲ್ಕ ಎಷ್ಟೆಂದು ಕೇಳಿದ. ಬೇಸಿಗೆ ರಜೆಗೆ ಒಂದು ತಿಂಗಳು ಊರಿಗೆ ಬರಬೇಕು ಎಂದಿದ್ದೇನೆ. ಯೋಚಿಸಿ ಹೇಳುತ್ತಾನಂತೆ.